ಕಡಲು ಅಳೆಯಲು ಯಾರನ್ನು ಕಳಿಸೋಣ? ಫೆಲೋಶಿಪ್ ಆಯ್ಕೆಗೆ ಕೂರುವವರಿಗೊಂದು ಮಾರ್ಗದರ್ಶಿ

ಸಾಗರ ವೀಕ್ಷಣೆ ಕಲಿಯಲು ಹೊರದೇಶಕ್ಕೆ ಕಳಿಸುವ ಫೆಲೋಶಿಪ್. ಮೇಜಿನ ಮೇಲೆ 64 ಅರ್ಜಿ. ಇರುವುದು ನಾಲ್ಕು ಜಾಗ. "ಊಟದೊಳಗೆ ಮುಗಿಸಿಬಿಡೋಣ" ಅಂದರು ಅಧ್ಯಕ್ಷರು. ಮುಗಿಸಿಯೂ ಬಿಟ್ಟೆವು. ಯಾರ ಹೆಸರಲ್ಲಿ ಎಷ್ಟು ಪೇಪರ್ ಇದೆ ಎಂದು ಎಣಿಸಿದೆವು. ಎಂ.ಎಸ್ಸಿ. ಅಂಕ ನೋಡಿದೆವು. ಪರಿಚಯದ ಪ್ರೊಫೆಸರರ ಪತ್ರ ಇದ್ದ ಅರ್ಜಿಗಳನ್ನು ಗೊತ್ತಿಲ್ಲದ ಹಾಗೆ ಮೇಲಕ್ಕೆ ತಳ್ಳಿದೆವು. ಒಂದು ಗಂಟೆಗೆ ಪಟ್ಟಿ ಸಿದ್ಧ.

ಎರಡು ವರ್ಷದ ನಂತರ ವಿಚಾರಿಸಿದಾಗ, ಹೋಗಿ ಬಂದ ನಾಲ್ವರಲ್ಲಿ ಇಬ್ಬರು ಮತ್ತೆ ನೀರಿಗೆ ಇಳಿದೇ ಇರಲಿಲ್ಲ. ಒಬ್ಬರ ಪ್ರಾಜೆಕ್ಟ್ ಅವರು ವಾಪಸ್ ಬರುವಷ್ಟರಲ್ಲಿ ಮುಗಿದು ಹೋಗಿತ್ತು. ಇನ್ನೊಬ್ಬರು ಕಲಿತು ಬಂದ ಉಪಕರಣ ಅವರ ಲ್ಯಾಬಿನಲ್ಲಿ ಇರಲೇ ಇಲ್ಲ, ಬರುವ ಲಕ್ಷಣವೂ ಇರಲಿಲ್ಲ. ಇದರಲ್ಲಿ ಅವರ ತಪ್ಪೇನೂ ಇಲ್ಲ. ಅರ್ಜಿಯಲ್ಲಿ ನಾವು ಅದನ್ನು ಕೇಳಿಯೇ ಇರಲಿಲ್ಲ, ಅಷ್ಟೇ.

ಆ ಪೆಟ್ಟು ತಿಂದ ಮೇಲೆ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಮೊದಲ ಸಲ ಇಂಥ ಸಮಿತಿಯಲ್ಲಿ ಕೂರುತ್ತಿರುವವರಿಗೆ ಉಪಯೋಗವಾಗಬಹುದು. ಅರ್ಜಿ ಹಾಕುವವರೂ ಓದಿಕೊಳ್ಳಲಿ, ತೊಂದರೆ ಇಲ್ಲ. ಮೇಜಿನ ಈ ಕಡೆ ಏನು ನಡೆಯುತ್ತದೆ ಎಂದು ಅವರಿಗೂ ತಿಳಿಯಬೇಕಲ್ವಾ?

ಎಂಥ ಫೆಲೋಶಿಪ್ ಇದು?

ಸಾಗರ ವೀಕ್ಷಣೆ ಅಂದರೆ ದಡದಲ್ಲಿ ನಿಂತು ಅಲೆ ನೋಡುವುದಲ್ಲ. ನೀರಿನ ಉಷ್ಣತೆ, ಉಪ್ಪಿನಂಶ, ಆಮ್ಲಜನಕ, ಪೋಷಕಾಂಶ, ಪ್ಲಾಂಕ್ಟನ್ (ನೀರಿನಲ್ಲಿ ತೇಲುವ ಸಣ್ಣ ಜೀವಿಗಳು) ಇವನ್ನೆಲ್ಲ ಒಂದೇ ಜಾಗದಲ್ಲಿ, ಒಂದೇ ರೀತಿಯಲ್ಲಿ, ವರ್ಷಗಟ್ಟಲೆ ಅಳೆಯುತ್ತಾ ಹೋಗುವುದು. ಇದನ್ನು ಕೈಯಾರೆ ಕಲಿಸಲು ಕೆಲವು ಅಂತರರಾಷ್ಟ್ರೀಯ ಫೆಲೋಶಿಪ್‌ಗಳಿವೆ. ಸಾಗರ ಸಂಸ್ಥೆಗಳ ಒಕ್ಕೂಟವಾದ ಪೋಗೊ, 1957ರಲ್ಲಿ ಹುಟ್ಟಿದ ಸ್ಕೋರ್ ಎಂಬ ವೈಜ್ಞಾನಿಕ ಸಮಿತಿಯ ಜೊತೆ ಸೇರಿ ನಡೆಸುವ ಫೆಲೋಶಿಪ್ ಇವುಗಳಲ್ಲಿ ಹೆಸರಾದದ್ದು. ಅಭಿವೃದ್ಧಿಶೀಲ ದೇಶಗಳ ಯುವ ವಿಜ್ಞಾನಿಗಳು, ತಂತ್ರಜ್ಞರು, ಸಂಶೋಧನಾ ವಿದ್ಯಾರ್ಥಿಗಳು ಒಂದರಿಂದ ಮೂರು ತಿಂಗಳು ಬೇರೊಂದು ದೇಶದ ಸಂಸ್ಥೆಯಲ್ಲಿ ಇದ್ದು ಕಲಿಯುತ್ತಾರೆ. ಜಪಾನಿನ ನಿಪ್ಪಾನ್ ಫೌಂಡೇಶನ್ ಹಣದಲ್ಲಿ ಪೋಗೊ ನಡೆಸಿದ ಇನ್ನೊಂದು ತರಬೇತಿ ಹತ್ತು ತಿಂಗಳದ್ದು. ವರ್ಷಕ್ಕೆ ಹತ್ತೇ ಜನ. ಮೊದಲು ಅದು ಬರ್ಮುಡಾದಲ್ಲಿ ನಡೆಯಿತು, ಆಮೇಲೆ ಜರ್ಮನಿಯ ಹೆಲ್ಗೊಲ್ಯಾಂಡ್ ದ್ವೀಪಕ್ಕೆ ಹೋಯಿತು.

ಆ ಎರಡು ಜಾಗ ಸುಮ್ನೆ ಆರಿಸಿದ್ದಲ್ಲ ಎಂದು ನನ್ನ ಅನಿಸಿಕೆ. ಬರ್ಮುಡಾದ ಹತ್ತಿರ 'ಹೈಡ್ರೋಸ್ಟೇಶನ್ ಎಸ್' ಎಂಬ ಜಾಗದಲ್ಲಿ 1954ರಿಂದ ಅಳತೆ ನಡೆದಿದೆ. ಹೆಲ್ಗೊಲ್ಯಾಂಡಿನಲ್ಲಿ 1962ರಿಂದ ಕೆಲಸದ ದಿನಗಳಲ್ಲೆಲ್ಲ ದೋಣಿ ಹೊರಟು ನೀರು ತರುತ್ತದೆ. ಮಳೆ ಇರಲಿ, ಚಳಿ ಇರಲಿ, ಬಕೆಟ್ ಇಳಿಯಲೇಬೇಕು. ಅಲ್ಲಿ ಕಲಿತವರಿಗೆ ಉಪಕರಣದ ಜೊತೆ ಆ ಚಾಳಿಯೂ ಅಂಟುತ್ತದೆ. ನೀವು ಹುಡುಕಬೇಕಾದ್ದು ಆ ಚಾಳಿ ಅಂಟಿಸಿಕೊಂಡು ಊರಿಗೆ ಬರುವವರನ್ನು.

ಮೊದಲ ಹೆಜ್ಜೆ: ಪ್ರಕಟಣೆಗೂ ಮುಂಚೆ ಒಂದು ವಾಕ್ಯ ಬರೆಯಿರಿ

ಸಮಿತಿಯ ಎಲ್ಲರೂ ಕೂತು ಒಂದೇ ವಾಕ್ಯ ಬರೆಯಬೇಕು: "ಈ ಫೆಲೋಶಿಪ್ ಮುಗಿದು ಎರಡು ವರ್ಷಕ್ಕೆ, ಆರಿಸಿದವರು ಏನು ಮಾಡುತ್ತಿದ್ದರೆ ನಮಗೆ ಖುಷಿ?" ಕೇಳಲು ಸುಲಭ. ಬರೆಯಲು ಕೂತಾಗ ಗೊತ್ತಾಗುತ್ತದೆ, ಐದು ಜನರ ತಲೆಯಲ್ಲಿ ಐದು ಉತ್ತರ ಇದೆ ಎಂದು. ಒಬ್ಬರಿಗೆ ಒಳ್ಳೆಯ ಪೇಪರ್ ಬರಬೇಕು. ಇನ್ನೊಬ್ಬರಿಗೆ ಎರಡು ಸಂಸ್ಥೆಗಳ ನಡುವೆ ಒಪ್ಪಂದ ಆಗಬೇಕು. ಮತ್ತೊಬ್ಬರಿಗೆ ಆ ದೇಶದ ಕರಾವಳಿಯಲ್ಲಿ ನಿಂತುಹೋದ ಅಳತೆ ಮತ್ತೆ ಶುರುವಾಗಬೇಕು. ಮೂರೂ ಸರಿಯೇ. ಆದರೆ ಮೂರಕ್ಕೂ ಬೇಕಾದ ಅಭ್ಯರ್ಥಿ ಬೇರೆ ಬೇರೆ.

ನನ್ನನ್ನು ಕೇಳಿದರೆ ಮೂರನೆಯದೇ ಮುಖ್ಯ. ಕಾರಣ ಇದೆ. ನಡುಗಡಲಲ್ಲಿ ಇವತ್ತು ಆರ್ಗೊ ಫ್ಲೋಟುಗಳಿವೆ, ಜಗತ್ತಿನಾದ್ಯಂತ ಹತ್ತಿರ ಹತ್ತಿರ 4,000. ಸಾವಿರ ಮೀಟರ್ ಆಳದಲ್ಲಿ ತೇಲುತ್ತವೆ. ಹತ್ತು ದಿನಕ್ಕೊಮ್ಮೆ 2,000 ಮೀಟರಿಗೆ ಇಳಿದು, ಮೇಲೆ ಬರುತ್ತಾ ಉಷ್ಣತೆ, ಉಪ್ಪಿನಂಶ ಅಳೆದು ಉಪಗ್ರಹಕ್ಕೆ ಕಳಿಸುತ್ತವೆ. ಆದರೆ ದಡದ ಹತ್ತಿರದ ಆಳವಿಲ್ಲದ ನೀರು ಅವುಗಳ ಜಾಗ ಅಲ್ಲ. ಮೀನು ಇರುವುದು, ಊರಿನ ಕೊಳಕು ಸೇರುವುದು, ಜನ ಬದುಕುವುದು ಅಲ್ಲೇ. ಅಲ್ಲಿ ಅಳೆಯಲು ಮನುಷ್ಯರೇ ಬೇಕು.

ಈ ವಾಕ್ಯವನ್ನು ಪ್ರಕಟಣೆಯಲ್ಲೇ ಹಾಕಿ, ಯಾವುದಕ್ಕೆ ಎಷ್ಟು ಅಂಕ ಎಂಬುದನ್ನೂ ಹಾಕಿ. ಗುಟ್ಟು ಮಾಡಿದರೆ ಒಳಗಿನ ಸುದ್ದಿ ಗೊತ್ತಿರುವ ದೊಡ್ಡ ಸಂಸ್ಥೆಯವರಿಗಷ್ಟೇ ಲಾಭ.

ಎರಡನೇ ಹೆಜ್ಜೆ: ಜರಡಿ

ಇದು ಬೇಗ ಮುಗಿಯುವ ಕೆಲಸ, ಕಚೇರಿಯವರೇ ಮಾಡಬಹುದು. ಅರ್ಹ ದೇಶವೇ, ಊರಿನ ಗೈಡ್ ಪತ್ರ ಇದೆಯೇ, ಕರೆಸಿಕೊಳ್ಳುವ ಸಂಸ್ಥೆಯ ಪತ್ರ ಇದೆಯೇ, ದಿನಾಂಕದೊಳಗೆ ಬಂದಿದೆಯೇ. ಇಷ್ಟೇ.

ಒಂದು ಮಾತು ಮಾತ್ರ. ಪತ್ರ ಒಂದು ದಿನ ತಡವಾಗಿದ್ದಕ್ಕೆ ಅರ್ಜಿ ಬಿಸಾಡಬೇಡಿ. ಪತ್ರ ಬರೆಯಬೇಕಾದ ದೊಡ್ಡವರು ತಡ ಮಾಡಿದ್ದಕ್ಕೆ ಅರ್ಜಿ ಹಾಕಿದ ಹುಡುಗಿಗೆ ಶಿಕ್ಷೆ ಯಾಕೆ? ಎಲ್ಲರಿಗೂ ಒಂದೇ ನಿಯಮ ಇರಲಿ: ಅಭ್ಯರ್ಥಿಯ ಭಾಗಕ್ಕೆ ಗಟ್ಟಿ ಗಡುವು, ಪತ್ರಗಳಿಗೆ ಒಂದು ವಾರ ಹೆಚ್ಚು.

ಮೂರನೇ ಹೆಜ್ಜೆ: ಅರ್ಜಿಯನ್ನು ಹಿಂದಿನಿಂದ ಓದಿ

ಮುಂದಿನಿಂದ ಓದಲು ಶುರು ಮಾಡಿದರೆ ಮೊದಲು ಸಿಗುವುದು ಹೆಸರು, ಸಂಸ್ಥೆ, ಅಂಕ, ಪೇಪರ್ ಪಟ್ಟಿ. ಎರಡು ನಿಮಿಷದಲ್ಲಿ ಮನಸ್ಸು ತೀರ್ಮಾನ ಮಾಡಿಬಿಟ್ಟಿರುತ್ತದೆ. ಉಳಿದದ್ದನ್ನು ಓದುವುದು ಆ ತೀರ್ಮಾನಕ್ಕೆ ಸಾಕ್ಷಿ ಹುಡುಕಲು ಮಾತ್ರ. ಅದಕ್ಕೇ ನಾನು ಕೊನೆಯ ಪುಟ ಮೊದಲು ತೆಗೆಯುತ್ತೇನೆ. "ಮರಳಿದ ಮೇಲೆ ಏನು ಮಾಡುತ್ತೀರಿ?" ಎಂಬ ಪ್ರಶ್ನೆ ಇರುವುದು ಅಲ್ಲಿ.

ಒಂದು ಉದಾಹರಣೆ ತೋರಿಸುತ್ತೇನೆ. ಎರಡೂ ನಾನೇ ಕಟ್ಟಿದ ಅರ್ಜಿಗಳು, ಆದರೆ ಇಂಥವು ಪ್ರತಿ ವರ್ಷ ಬರುತ್ತವೆ. ಇಬ್ಬರೂ ನಮ್ಮ ಕರಾವಳಿಯವರು ಅಂತ ಇಟ್ಟುಕೊಳ್ಳಿ, ಒಬ್ಬರು ಮಂಗಳೂರಿನ ಕಡೆಯವರು, ಇನ್ನೊಬ್ಬರು ಕಾರವಾರದ ಕಡೆಯವರು.

ಮೊದಲನೆಯದು: "ತರಬೇತಿಯಿಂದ ಪಡೆದ ಜ್ಞಾನವನ್ನು ನನ್ನ ಸಂಸ್ಥೆಯ ಸಹೋದ್ಯೋಗಿಗಳೊಂದಿಗೆ ಹಂಚಿಕೊಂಡು, ಅರಬ್ಬೀ ಸಮುದ್ರದ ಹವಾಮಾನ ಬದಲಾವಣೆಯ ಸಮಗ್ರ ಅಧ್ಯಯನ ಕೈಗೊಳ್ಳುತ್ತೇನೆ. 12 ತಿಂಗಳು, ತಿಂಗಳಿಗೊಮ್ಮೆ, ಬಾಡಿಗೆ ಟ್ರಾಲ್ ಬೋಟಿನಲ್ಲಿ 10 ಕಡೆ ಮಾದರಿ ಸಂಗ್ರಹ."

ಎರಡನೆಯದು (ಇದರಲ್ಲಿ ಬರುವ ಸಿಟಿಡಿ ಅಂದರೆ ನೀರಿಗೆ ಇಳಿಸಿ ಎತ್ತುತ್ತಾ ಆಳಕ್ಕೆ ತಕ್ಕಂತೆ ಉಷ್ಣತೆ, ಉಪ್ಪಿನಂಶ ತಿಳಿಸುವ ಉಪಕರಣ): "ನಮ್ಮಲ್ಲಿ ಒಂದು ಹಳೆಯ ಸಿಟಿಡಿ ಇದೆ. ಎರಡು ವರ್ಷದಿಂದ ಉಪ್ಪಿನ ಅಂಕಿ ನಂಬುವ ಹಾಗಿಲ್ಲ. ಅದನ್ನು ಬಾಟಲಿ ನೀರಿನ ಜೊತೆ ಹೋಲಿಸಿ ಸರಿಪಡಿಸುವುದು ಕಲಿಯಬೇಕು. ಮೂರು ಜಾಗ ಸಾಕು. ಜೂನ್, ಜುಲೈನಲ್ಲಿ ಬೋಟ್ ಸಿಗುವುದಿಲ್ಲ. ಆ ಎರಡು ತಿಂಗಳು ಅಳಿವೆಯ ಒಳಗೆ, ದಕ್ಕೆಯಿಂದ ನೀರು ತೆಗೆಯುತ್ತೇನೆ. ಹೊರಗಿನ ಎರಡು ಜಾಗದ ಅಂಕಿ ಆಗ ಖಾಲಿ ಇರುತ್ತದೆ."

ಮೊದಲನೆಯವರ ಕನ್ನಡವೂ ಇಂಗ್ಲಿಷೂ ಚಂದ. ಹತ್ತು ಜಾಗ, ಹನ್ನೆರಡು ತಿಂಗಳು, ಲೆಕ್ಕ ದೊಡ್ಡದು. ಆದರೆ ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಟ್ರಾಲ್ ಬೋಟುಗಳೆಲ್ಲ ದಕ್ಕೆಯಲ್ಲಿ ಕಟ್ಟಿರುತ್ತವೆ. ಕಡಲೂ ಬಿಡುವುದಿಲ್ಲ. ಇದು ಅಲ್ಲಿನ ಮೀನು ಮಾರುವ ಅಜ್ಜಿಗೂ ಗೊತ್ತಿರುವ ವಿಷಯ. ಯೋಜನೆ ಬರೆದವರಿಗೆ ಹೊಳೆದಿಲ್ಲ ಅಂದರೆ, ಅವರು ಇನ್ನೂ ದಕ್ಕೆಗೆ ಹೋಗಿ ಬೋಟ್ ನಡೆಸುವ ಒಬ್ಬ ತಾಂಡೇಲರನ್ನು ಮಾತಾಡಿಸಿಲ್ಲ ಅಂತ ಅರ್ಥ.

ಇದರಲ್ಲಿ ಇನ್ನೊಂದು ಸೂಕ್ಷ್ಮ ಇದೆ. ಮುಂಗಾರಿನಲ್ಲೇ ನಮ್ಮ ಕರಾವಳಿಯಲ್ಲಿ ಆಳದ ತಣ್ಣನೆಯ, ಆಮ್ಲಜನಕ ಕಡಿಮೆ ಇರುವ ನೀರು ಮೇಲೆದ್ದು ದಡದ ಕಡೆ ಬರುತ್ತದೆ. ಮಳೆಗಾಲ ಮುಗಿಯುವ ಹೊತ್ತಿಗೆ ಆಮ್ಲಜನಕದ ಕೊರತೆ ಜೋರಾಗಿರುತ್ತದೆ. ಅಂದರೆ ಅಳೆಯಲೇಬೇಕಾದ ಕಾಲಕ್ಕೆ ಸರಿಯಾಗಿ ಬೋಟ್ ಇಲ್ಲ! ಎರಡನೆಯ ಅರ್ಜಿಯವರು ಈ ಇಕ್ಕಟ್ಟನ್ನು ಬಚ್ಚಿಡದೆ, ಎಲ್ಲಿ ಅಂಕಿ ಖಾಲಿ ಬೀಳುತ್ತದೆ ಎಂದು ಮೊದಲೇ ಹೇಳಿದ್ದಾರೆ. ಅವರ ಹೆಸರಲ್ಲಿ ಪೇಪರ್ ಒಂದೂ ಇಲ್ಲದೇ ಇರಬಹುದು. ನನ್ನ ಮತ ಅವರಿಗೇ.

ಹೀಗೆ ಓದುವಾಗ ಮೂರು ವಿಷಯ ಹುಡುಕಿ. ಕಲಿಯಬೇಕಾದ್ದು ಒಂದು ಕೆಲಸದ ಹಾಗೆ ಹೇಳಿದ್ದಾರೆಯೇ ("ಆಮ್ಲಜನಕದ ಟೈಟ್ರೇಶನ್", "ಪ್ಲಾಂಕ್ಟನ್ ಗುರುತಿಸುವುದು"), ಇಲ್ಲಾ ಬರೀ "ಆಧುನಿಕ ತಂತ್ರಗಳು" ಅಂದಿದ್ದಾರೆಯೇ? ಆ ಕೆಲಸಕ್ಕೆ ಬೇಕಾದ ಸಾಮಾನು ಊರಿನಲ್ಲಿ ಇದೆಯೇ? ಮೂರನೆಯದು, ದೋಣಿಯ ಖರ್ಚು ಯಾರು ಕೊಡುತ್ತಾರೆ? ಮೂರನೆಯ ಪ್ರಶ್ನೆಗೆ ಉತ್ತರ ಇಲ್ಲದ ಅರ್ಜಿಗಳೇ ಜಾಸ್ತಿ. ಪೂರ್ತಿ ಉತ್ತರ ಬೇಕೆಂದೇನಿಲ್ಲ. ಪ್ರಶ್ನೆ ಅವರ ತಲೆಯಲ್ಲಿ ಬಂದಿದ್ದರೆ ಸಾಕು.

ದೋಣಿ, ಹಡಗು ಯಾವುದೂ ಸಿಗದ ಜಾಗದಿಂದ ಬಂದವರನ್ನು ಏನು ಮಾಡುವುದು? ಆರ್ಗೊ ಅಂಕಿಅಂಶ ಯಾರು ಬೇಕಾದರೂ ಪುಕ್ಕಟೆ ಇಳಿಸಿಕೊಳ್ಳಬಹುದು. ಅದನ್ನು ತೆಗೆದು ತಮ್ಮ ಕರಾವಳಿಯ ಎದುರಿನ ಒಂದು ಗ್ರಾಫ್ ಮಾಡಿ ಅರ್ಜಿಗೆ ಅಂಟಿಸಿದವರಿಗೆ ನಾನು ಧಾರಾಳವಾಗಿ ಅಂಕ ಕೊಡುತ್ತೇನೆ. ಇಲ್ಲದ್ದನ್ನು ನೆಪ ಮಾಡದೆ ಇದ್ದದ್ದರಲ್ಲಿ ಕೈ ಹಾಕಿದ್ದಾರಲ್ಲ.

ನಾಲ್ಕನೇ ಹೆಜ್ಜೆ: ಪತ್ರಗಳ ಒಳಗಿನ ಮಾತು

ಶಿಫಾರಸು ಪತ್ರ ಓದುವುದೂ ಒಂದು ವಿದ್ಯೆ. ನಮ್ಮ ಕಡೆ "ಶ್ರದ್ಧಾವಂತ, ವಿನಯವಂತ, ಕಷ್ಟಪಟ್ಟು ದುಡಿಯುವ ವಿದ್ಯಾರ್ಥಿ" ಎಂದು ಎಲ್ಲರಿಗೂ ಬರೆಯುತ್ತಾರೆ. ಕೆಲವು ಸಲ ವಿದ್ಯಾರ್ಥಿಯೇ ಬರೆದು ತಂದದ್ದಕ್ಕೆ ಗೈಡ್ ಸಹಿ ಹಾಕಿರುತ್ತಾರೆ, ಎಲ್ಲರಿಗೂ ಗೊತ್ತಿರುವ ಗುಟ್ಟು. ಬೇರೆ ಕೆಲವು ದೇಶಗಳಲ್ಲಿ ಪತ್ರವೆಂದರೆ ಮೂರು ಸಾಲು, ಒಣ ಒಣ. ಹಾಗಾಗಿ ಹೊಗಳಿಕೆಯ ತೂಕ ನೋಡಬೇಡಿ. ಒಂದಾದರೂ ಘಟನೆ ಇದೆಯೇ ನೋಡಿ. "ಹೋದ ವರ್ಷ ಪಂಪ್ ಕೆಟ್ಟಾಗ ಇವರೇ ಬಿಚ್ಚಿ ಸರಿ ಮಾಡಿದರು" ಎಂಬ ಒಂದು ಸಾಲು ಹತ್ತು ವಿಶೇಷಣಕ್ಕೆ ಸಮ.

ಊರಿನ ಸಂಸ್ಥೆಯ ಪತ್ರದಲ್ಲಿ ಬೇಕಾದ್ದು ಹೊಗಳಿಕೆಯಲ್ಲ, ಮಾತು ಕೊಡುವುದು. ಕೆಲಸ ಉಳಿದಿರುತ್ತದೆಯೇ? ಪ್ರಾಜೆಕ್ಟ್ ಹುದ್ದೆಯಾದರೆ ಎಲ್ಲಿಯವರೆಗೆ? ಮಾರ್ಚ್ 31ಕ್ಕೆ ಮುಗಿಯುವ ಪ್ರಾಜೆಕ್ಟಿನವರನ್ನು ಫೆಬ್ರವರಿಯಲ್ಲಿ ಮೂರು ತಿಂಗಳಿಗೆ ಕಳಿಸಿದರೆ, ಅವರು ವಾಪಸ್ ಬರುವುದು ಎಲ್ಲಿಗೆ? ಎನ್‌ಒಸಿ ಕೊಡುತ್ತೇವೆ ಎಂದು ಬರೆದುಕೊಟ್ಟಿದ್ದಾರೆಯೇ?

ಕರೆಸಿಕೊಳ್ಳುವ ಸಂಸ್ಥೆಯ ಪತ್ರದಲ್ಲಿ ಇನ್ನೊಂದು ಬಗೆಯ ಮೋಸ ಇರುತ್ತದೆ. ಎಲ್ಲ ಕಡೆ ಅಂತಲ್ಲ, ಆದರೆ ಇರುತ್ತದೆ. ಅಲ್ಲಿನ ಪ್ರೊಫೆಸರರಿಗೆ ಮೂರು ತಿಂಗಳು ಪುಕ್ಕಟೆ ಕೈ ಬೇಕಾಗಿರುತ್ತದೆ. ಫೆಲೋ ಬಂದು ಅವರ ಸ್ಯಾಂಪಲ್ ಎಣಿಸಿ ಹೋಗುತ್ತಾರೆ. ಪತ್ತೆ ಹಚ್ಚುವುದು ಹೇಗೆ? ವಾರವಾರದ ಯೋಜನೆ ಕೇಳಿ. "ಮೊದಲ ವಾರ ಸುರಕ್ಷತೆ ಮತ್ತು ಲ್ಯಾಬ್ ಪರಿಚಯ, ಮೂರನೇ ವಾರ ಹಡಗು, ಆರನೇ ವಾರ ಅವರ ಊರಿನ ಅಂಕಿಯ ಮೇಲೆ ಕೆಲಸ" ಎಂದಿದ್ದರೆ ಸರಿ. "ನಮ್ಮ ತಂಡದ ನಡೆಯುತ್ತಿರುವ ಸಂಶೋಧನೆಯಲ್ಲಿ ಭಾಗವಹಿಸುತ್ತಾರೆ" ಎಂದಷ್ಟೇ ಇದ್ದರೆ ಒಂದು ಇಮೇಲ್ ಹಾಕಿ ಕೇಳಿ. ದಿನಾ ಪಕ್ಕದಲ್ಲಿ ನಿಂತು ಕಲಿಸುವವರು ಯಾರು ಎಂದೂ ಕೇಳಿ. ದೊಡ್ಡ ಹೆಸರಿನವರು ಆ ಮೂರು ತಿಂಗಳು ಊರಲ್ಲೇ ಇರುವುದಿಲ್ಲ, ನೋಡಿದ್ದೇನೆ.

ಐದನೇ ಹೆಜ್ಜೆ: ಅಂಕ ಹಾಕುವುದು

ನಾನು ಹಾಕುವ ಅಂಕದ ಹಂಚಿಕೆ ಹೀಗಿದೆ. ಊರಿಗೆ ಬಂದ ಮೇಲಿನ ಉಪಯೋಗಕ್ಕೆ 35, ಏನು ಕಲಿಯಬೇಕು ಎಂಬ ಸ್ಪಷ್ಟತೆಗೆ 25, ಆತಿಥೇಯ ಸಂಸ್ಥೆಯ ಹೊಂದಾಣಿಕೆಗೆ 20, ಇಲ್ಲಿಯವರೆಗಿನ ಕೆಲಸಕ್ಕೆ 20. ನಿಮ್ಮದು ಬೇರೆ ಇರಬಹುದು. ಆದರೆ ಕೊನೆಯದನ್ನು ಮೇಲಕ್ಕೆ ಏರಿಸುವಾಗ ಎರಡು ಸಲ ಯೋಚಿಸಿ. ಪತ್ರಿಕೆಯ ಇಂಪ್ಯಾಕ್ಟ್ ಫ್ಯಾಕ್ಟರ್ (ಅದರ ಪೇಪರ್‌ಗಳನ್ನು ಬೇರೆಯವರು ಸರಾಸರಿ ಎಷ್ಟು ಸಲ ಉಲ್ಲೇಖಿಸುತ್ತಾರೆ ಎಂಬ ಲೆಕ್ಕ) ನೋಡಿ ವ್ಯಕ್ತಿಯನ್ನು ಅಳೆಯಬೇಡಿ ಎಂದು ಸಂಶೋಧನೆಯ ಮೌಲ್ಯಮಾಪನ ಕುರಿತ ಸ್ಯಾನ್ ಫ್ರಾನ್ಸಿಸ್ಕೊ ಘೋಷಣೆ ಹೇಳಿದ್ದು 2012ರಲ್ಲೇ. ಸಹಿ ಹಾಕಿದ ಸಂಸ್ಥೆಗಳು ತುಂಬಾ ಇವೆ, ಪಾಲಿಸುವವರು ಅಷ್ಟಿಲ್ಲ. ತರಬೇತಿ ಫೆಲೋಶಿಪ್‌ಗಂತೂ ಪೇಪರ್ ಎಣಿಕೆ ಅರ್ಥವಿಲ್ಲದ್ದು. ಎಲ್ಲ ಗೊತ್ತಿರುವವರಿಗೆ ತರಬೇತಿ ಯಾಕೆ?

ಪ್ರತಿ ಅಂಕಕ್ಕೂ ಒಂದು ಸಾಲಿನ ವಿವರಣೆ ಮೊದಲೇ ಬರೆದಿಟ್ಟುಕೊಳ್ಳಿ. 35ಕ್ಕೆ 30 ಅಂದರೆ ಏನು, 15 ಅಂದರೆ ಏನು. ಇಲ್ಲದಿದ್ದರೆ ಏನಾಗುತ್ತದೆ ಗೊತ್ತಾ? ಒಂದು ಸಲ ನಮ್ಮ ಸಮಿತಿಯಲ್ಲಿ ಒಬ್ಬರು ಕೊಟ್ಟ ಅತಿ ಹೆಚ್ಚು ಅಂಕ 72. ಇನ್ನೊಬ್ಬರು ಕೊಟ್ಟ ಅತಿ ಕಡಿಮೆ ಅಂಕ 78! ಅರ್ಜಿಗಳನ್ನು ಅರ್ಧರ್ಧ ಹಂಚಿಕೊಂಡು ಓದಿದ್ದೆವು. ಮೊದಲಿನವರ ಪಾಲಿಗೆ ಬಿದ್ದ ಅರ್ಜಿಗಳೆಲ್ಲ ಓದುವ ಮುಂಚೆಯೇ ಸೋತಿದ್ದವು. ಅದೃಷ್ಟಕ್ಕೆ ಒಬ್ಬ ಕಿರಿಯ ಸದಸ್ಯೆ ಪಟ್ಟಿ ನೋಡಿ ಕೇಳಿದಳು, "ಸರ್, ನಿಮ್ಮದರಲ್ಲಿ ಒಬ್ರೂ ಮೇಲೆ ಬಂದಿಲ್ಲ, ಯಾಕೆ?" ಸರ್ ಕನ್ನಡಕ ತೆಗೆದು ಒರೆಸಿದರು. ಮತ್ತೆ ಮೊದಲಿಂದ ಕೂತೆವು.

ಪರಿಹಾರ ಸರಳ. ಒಂದೇ ಮೂರು ಅರ್ಜಿಗಳನ್ನು ಎಲ್ಲರೂ ಓದಿ ಅಂಕ ಹಾಕಿ, ಹೋಲಿಸಿ, ಜಗಳ ಆಡಿ. ಆಮೇಲೆ ಉಳಿದವು. ಪ್ರತಿ ಅರ್ಜಿಯನ್ನು ಕನಿಷ್ಠ ಮೂವರು ಓದಲಿ. ಒಟ್ಟು ಅಂಕದ ಜೊತೆಗೆ, ಪ್ರತಿಯೊಬ್ಬರ ಪಟ್ಟಿಯಲ್ಲಿ ಆ ಅರ್ಜಿ ಎಷ್ಟನೆಯದು ಎಂಬುದನ್ನೂ ಬರೆದುಕೊಳ್ಳಿ. ಕೈ ಬಿಗಿಯವರೂ ಉದಾರಿಗಳೂ ಆಗ ಒಂದೇ ತಕ್ಕಡಿಗೆ ಬರುತ್ತಾರೆ.

ಗೈಡ್, ಹಳೆಯ ಶಿಷ್ಯ, ಜೊತೆಗೆ ಪೇಪರ್ ಬರೆದವರು, ಒಂದೇ ಸಂಸ್ಥೆಯವರು ಇದ್ದರೆ ಆ ಅರ್ಜಿಯ ಮಾತು ಬಂದಾಗ ಎದ್ದು ಹೊರಗೆ ಹೋಗಿ ಚಹಾ ಕುಡಿಯಿರಿ. "ನಾನು ಸುಮ್ಮನೆ ಕೂತಿರ್ತೀನಿ" ಎನ್ನುವುದು ಸಾಲದು. ನೀವು ಕೂತಿದ್ದರೆ ಉಳಿದವರು ಬಾಯಿ ಬಿಡುವುದಿಲ್ಲ.

ಹೆಸರು ನೋಡಿ ಮೋಸ ಹೋಗುವುದು

2012ರಲ್ಲಿ ಅಮೆರಿಕದಲ್ಲಿ ಒಂದು ಪ್ರಯೋಗ ಮಾಡಿದರು. ಲ್ಯಾಬ್ ಮ್ಯಾನೇಜರ್ ಕೆಲಸದ ಒಂದೇ ಅರ್ಜಿಯನ್ನು 127 ವಿಜ್ಞಾನ ಪ್ರಾಧ್ಯಾಪಕರಿಗೆ ಕಳಿಸಿದರು. ಕೆಲವರಿಗೆ ಅದು ಜಾನ್ ಹೆಸರಲ್ಲಿ ಹೋಯಿತು, ಕೆಲವರಿಗೆ ಜೆನ್ನಿಫರ್ ಹೆಸರಲ್ಲಿ. ಉಳಿದದ್ದೆಲ್ಲ ಒಂದೇ. ಜಾನ್ ಹೆಚ್ಚು ಸಮರ್ಥ ಅನ್ನಿಸಿದ, ಸಂಬಳವೂ ಹೆಚ್ಚು ಸೂಚಿಸಿದರು. ಹೆಂಗಸರೂ ಹಾಗೇ ಅಂಕ ಹಾಕಿದ್ದರು ಎಂಬುದು ಗಮನಿಸಬೇಕಾದ್ದು.

ಕಡಲ ವಿಷಯದಲ್ಲಿ ಇದು ಇನ್ನೂ ಜಾಸ್ತಿ. "ಹುಡುಗಿ, ಹಡಗಿನಲ್ಲಿ ಹೇಗಿರ್ತಾಳೆ?" ಎಂಬ ಮಾತು ಸಮಿತಿಯಲ್ಲಿ ಕಿವಿಯಾರೆ ಕೇಳಿದ್ದೇನೆ. ಗೋವಾದ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಯ ಅದಿತಿ ಪಂತ್ 1983ರ ಯಾತ್ರೆಯಲ್ಲೇ ಅಂಟಾರ್ಕ್ಟಿಕಾಕ್ಕೆ ಹೋಗಿ ಬಂದಿದ್ದಾರೆ, ಜೊತೆಗೆ ಭೂವಿಜ್ಞಾನಿ ಸುದೀಪ್ತಾ ಸೇನ್‌ಗುಪ್ತಾ. ನಲವತ್ತು ವರ್ಷದ ಮೇಲೂ ಅದೇ ಪ್ರಶ್ನೆ ಕೇಳುವವರಿಗೆ ಏನು ಹೇಳುವುದು? ಮದುವೆ, ಮಕ್ಕಳು, "ಮನೆಯವರು ಒಪ್ಪಿದ್ದಾರಾ" ಎಂಬ ಪ್ರಶ್ನೆಗಳನ್ನು ಯಾರಿಗೂ ಕೇಳಕೂಡದು ಎಂದು ಬರೆದು ಗೋಡೆಗೆ ಅಂಟಿಸಿ. ಮೊದಲ ಸುತ್ತಿಗೆ ಹೆಸರು, ಫೋಟೊ, ವಯಸ್ಸು ತೆಗೆದು ಅರ್ಜಿ ಹಂಚಿದರೆ ಇನ್ನೂ ಒಳ್ಳೆಯದು.

ಇಂಗ್ಲಿಷಿನ ವಿಷಯವೂ ಹೀಗೇ. ವ್ಯಾಕರಣ ತಪ್ಪಿದ ಅರ್ಜಿಯನ್ನು ಓದುವಾಗ ಕೈ ತನ್ನಿಂತಾನೇ ಅಂಕ ಕಡಿಮೆ ಮಾಡುತ್ತದೆ. ಹಡಗಿನಲ್ಲಿ ಸುರಕ್ಷತೆಯ ಸೂಚನೆ ಅರ್ಥವಾಗುವಷ್ಟು ಭಾಷೆ ಬೇಕು, ನಿಜ. ಅದನ್ನು ಸಂದರ್ಶನದಲ್ಲಿ ಐದು ನಿಮಿಷದಲ್ಲಿ ತಿಳಿಯಬಹುದು. ಅರ್ಜಿಯ ಚಂದದ ಇಂಗ್ಲಿಷಿಗೂ ಅದಕ್ಕೂ ಸಂಬಂಧ ಇಲ್ಲ, ಅದರಲ್ಲೂ ಈಗ ಯಂತ್ರವೇ ಬರೆದುಕೊಡುವ ಕಾಲದಲ್ಲಿ.

ಆರನೇ ಹೆಜ್ಜೆ: ಸಂದರ್ಶನ

ನಾಲ್ಕು ಜಾಗಕ್ಕೆ ಹತ್ತು ಹನ್ನೆರಡು ಜನರನ್ನು ಮಾತಾಡಿಸಿದರೆ ಸಾಕು. ತಲಾ 20 ನಿಮಿಷ, ವಿಡಿಯೊ ಕರೆ. ಪ್ರಶ್ನೆಗಳು ಎಲ್ಲರಿಗೂ ಒಂದೇ. ನೆಟ್ ಕೈಕೊಟ್ಟರೆ ಫೋನಿನಲ್ಲಿ ಮುಂದುವರಿಸಿ, ಅದಕ್ಕೆ ಅಂಕ ಕಳೆಯಬೇಡಿ.

"ನಿಮ್ಮ ಬಲ, ದೌರ್ಬಲ್ಯ ಹೇಳಿ" ಅಂತ ಕೇಳಬೇಡಿ. ಕೈ ಕೆಲಸದ ಪ್ರಶ್ನೆ ಕೇಳಿ. ನನಗೆ ಇಷ್ಟದ ಪ್ರಶ್ನೆ ಇದು: "ನಿಸ್ಕಿನ್ ಬಾಟಲಿ ಡೆಕ್ಕಿಗೆ ಬಂತು. ಮೊದಲು ಯಾವ ನೀರು ಹಿಡೀತೀರಿ?" ನಿಸ್ಕಿನ್ ಅಂದರೆ ಬೇಕಾದ ಆಳದಲ್ಲಿ ಎರಡೂ ಬಾಯಿ ಮುಚ್ಚಿಕೊಂಡು ಅಲ್ಲಿನ ನೀರನ್ನು ಹಿಡಿದು ತರುವ ಉದ್ದನೆಯ ಕೊಳವೆ. ಒಬ್ಬ ತಂತ್ರಜ್ಞೆ ಕೊಟ್ಟ ಉತ್ತರ ಇವತ್ತಿಗೂ ನೆನಪಿದೆ.

"ಆಕ್ಸಿಜನ್‌ಗೆ ಸರ್. ಟ್ಯೂಬ್ ತಳಕ್ಕೆ ಮುಟ್ಟಿಸ್ತೀನಿ, ಗುಳ್ಳೆ ಬರದ ಹಾಗೆ. ಉಕ್ಕಿ ಹರಿಯೋಕೆ ಬಿಡ್ತೀನಿ."

"ಗುಳ್ಳೆ ಬಂದ್ರೆ?"

"ಚೆಲ್ಲಿ ಮತ್ತೆ ಹಿಡೀತೀನಿ."

"ಬಾಟಲಿಯಲ್ಲಿ ನೀರು ಖಾಲಿ ಆಗಿದ್ರೆ?"

ಸ್ವಲ್ಪ ಹೊತ್ತು ಸುಮ್ಮನಾದಳು. "ಗುಳ್ಳೆ ಬಂದಿತ್ತು ಅಂತ ಬುಕ್ಕಲ್ಲಿ ಬರೀತೀನಿ ಸರ್."

ನಾವು ಪರಸ್ಪರ ಮುಖ ನೋಡಿಕೊಂಡೆವು. ಆಮ್ಲಜನಕ ಅಳೆಯಲು ಇವತ್ತಿಗೂ ಆಧಾರವಾಗಿರುವುದು 1888ರ ವಿಂಕ್ಲರ್ ವಿಧಾನ. ಗಾಳಿ ತಾಗಿದರೆ ಅಂಕಿ ಕೆಟ್ಟಿತು. ಕೆಟ್ಟದ್ದನ್ನು ಯಾರೂ ನೋಡುತ್ತಿಲ್ಲದಾಗಲೂ ಬರೆದಿಡುವವರು ಸಿಕ್ಕರೆ, ಉಳಿದದ್ದನ್ನು ಕಲಿಸಬಹುದು.

ಇನ್ನೊಂದು: ಪರದೆಯ ಮೇಲೆ ಒಂದು ಸಿಟಿಡಿ ಗೆರೆ ತೋರಿಸಿ. ಮೇಲೆ 28 ಡಿಗ್ರಿ, ಒಂದು ಆಳದಲ್ಲಿ ಉಷ್ಣತೆ ಧಡಕ್ಕನೆ ಇಳಿಯುತ್ತದೆ, ಸರಿಯಾಗಿ ಅಲ್ಲೇ ಉಪ್ಪಿನ ಗೆರೆಯಲ್ಲಿ ಒಂದು ಮುಳ್ಳು. "ಇದೇನು?" ಕೆಲವರು ತಕ್ಷಣ ಹೊಸ ಜಲರಾಶಿ, ಪ್ರವಾಹ ಎಂದೆಲ್ಲ ಕಥೆ ಕಟ್ಟುತ್ತಾರೆ. ಅನುಭವ ಇದ್ದವರು ಮೊದಲು ಉಪಕರಣವನ್ನೇ ಅನುಮಾನಿಸುತ್ತಾರೆ. ಉಪ್ಪಿನಂಶವನ್ನು ಸಿಟಿಡಿ ನೇರವಾಗಿ ಅಳೆಯುವುದಿಲ್ಲ. ವಿದ್ಯುತ್ ವಾಹಕತೆ ಮತ್ತು ಉಷ್ಣತೆಯಿಂದ ಲೆಕ್ಕ ಹಾಕುತ್ತದೆ. ಎರಡು ಸೆನ್ಸರ್‌ಗಳ ವೇಗ ಹೊಂದದಿದ್ದರೆ, ಉಷ್ಣತೆ ಬೇಗ ಬದಲಾಗುವ ಕಡೆ ಸುಳ್ಳು ಮುಳ್ಳು ಏಳುತ್ತದೆ. ಉತ್ತರ ಗೊತ್ತಿರಲೇಬೇಕು ಎಂದಲ್ಲ, ಕಲಿಯಲೆಂದೇ ತಾನೇ ಹೋಗುವುದು. "ಗೊತ್ತಿಲ್ಲ. ಏರುವಾಗಿನ ಗೆರೆಯಲ್ಲೂ ಇದೆಯಾ ನೋಡಬೇಕು" ಅಂದವರಿಗೆ ಪೂರ್ತಿ ಅಂಕ.

ಕೊನೆಗೆ ಅವರಿಗೂ ಪ್ರಶ್ನೆ ಕೇಳಲು ಐದು ನಿಮಿಷ ಕೊಡಿ. "ಅಲ್ಲಿನ ಸಾಫ್ಟ್‌ವೇರ್ ನಮ್ಮಲ್ಲಿ ಕೊಳ್ಳೋಕಾಗಲ್ಲ, ಬೇರೆ ದಾರಿ ಕಲಿಸ್ತಾರಾ?" ಎಂದು ಕೇಳುವವರು ಈಗಾಗಲೇ ಊರಿಗೆ ಮರಳಿದ ದಿನದ ಬಗ್ಗೆ ಯೋಚಿಸುತ್ತಿದ್ದಾರೆ.

ಏಳನೇ ಹೆಜ್ಜೆ: ಕೊನೆಯ ಪಟ್ಟಿ

ಮೊದಲ ಎರಡು ಹೆಸರು ಸುಲಭ. ಮೂರರಿಂದ ಎಂಟರವರೆಗಿನವರ ನಡುವೆ ವ್ಯತ್ಯಾಸ ಎರಡು ಮೂರು ಅಂಕದ್ದು, ಅದು ವ್ಯತ್ಯಾಸವೇ ಅಲ್ಲ. ಅಲ್ಲಿ ಗುಂಪನ್ನು ನೋಡಿ. ನಾಲ್ವರೂ ಒಂದೇ ದೇಶದವರಾ? ಎಲ್ಲರೂ ಪಿಎಚ್‌.ಡಿ. ವಿದ್ಯಾರ್ಥಿಗಳಾ? ತಂತ್ರಜ್ಞರನ್ನು ಸಮಿತಿಗಳು ಮರೆಯುವುದೇ ಹೆಚ್ಚು. ವಿದ್ಯಾರ್ಥಿ ಪದವಿ ಮುಗಿಸಿ ಬೇರೆ ಊರಿಗೆ ಹೋಗುತ್ತಾರೆ, ತಂತ್ರಜ್ಞರು ಅದೇ ಲ್ಯಾಬಿನಲ್ಲಿ ಇಪ್ಪತ್ತು ವರ್ಷ ಇರುತ್ತಾರೆ. ಅಳತೆ ನಿಲ್ಲದೆ ನಡೆಯುವುದು ಅವರಿಂದ.

ಪ್ರತಿ ತೀರ್ಮಾನಕ್ಕೂ ಎರಡು ಸಾಲಿನ ಕಾರಣ ಅಲ್ಲೇ ಬರೆಯಿರಿ. ಸಂಜೆಗೆ ಮರೆತು ಹೋಗುತ್ತದೆ. ವೇಟಿಂಗ್ ಲಿಸ್ಟ್‌ನಲ್ಲಿ ಕನಿಷ್ಠ ಮೂವರು ಇರಲಿ, ಯಾಕೆಂದರೆ ವೀಸಾ ಕೈಕೊಡುತ್ತದೆ. ಹಡಗು ಹೊರಡುವ ದಿನಾಂಕ ನಿಮಗಾಗಿ ಕಾಯುವುದಿಲ್ಲ. ವೀಸಾಕ್ಕೆ ಮೂರು ತಿಂಗಳಾದರೂ ಇಟ್ಟುಕೊಂಡು ಫಲಿತಾಂಶ ಪ್ರಕಟಿಸಿ.

ಹೊರಡುವ ಮುಂಚೆ ಕೇಳಬೇಕಾದ ಇನ್ನೆರಡು ವಿಷಯ. ಮಾದರಿಗಳನ್ನು ಜೊತೆಗೆ ಒಯ್ಯುತ್ತಾರಾ? ಭಾರತದಿಂದ ಜೈವಿಕ ಮಾದರಿ ಹೊರದೇಶಕ್ಕೆ ಹೋಗುವಾಗ 2002ರ ಜೀವವೈವಿಧ್ಯ ಕಾಯ್ದೆಯ ಅನುಮತಿ ವಿಚಾರ ಬರುತ್ತದೆ. ಪ್ಲಾಂಕ್ಟನ್ ಬಾಟಲಿಗೂ ಅದು ಅನ್ವಯಿಸಬಹುದು. ಎರಡನೆಯದು, ಹಡಗು ಹತ್ತುವುದಿದ್ದರೆ ವೈದ್ಯಕೀಯ ಪ್ರಮಾಣಪತ್ರ ಮತ್ತು ಸುರಕ್ಷತಾ ತರಬೇತಿ. ಇದನ್ನು ಆಯ್ಕೆ ಆದ ಮೇಲೆ ಕೇಳಿ, ಮುಂಚೆ ಬೇಡ. ಅಲೆಗೆ ವಾಂತಿ ಆಗುತ್ತದೆ ಅಂತ ಯಾರನ್ನೂ ಬಿಡಬೇಡಿ. ಡಾರ್ವಿನ್ ಬೀಗಲ್ ಹಡಗಿನ ಐದು ವರ್ಷವೂ ಅದರಿಂದ ಒದ್ದಾಡಿದವನೇ.

ಎಂಟನೇ ಹೆಜ್ಜೆ: ಸಿಗದವರಿಗೆ ಪತ್ರ

64ರಲ್ಲಿ 60 ಜನರಿಗೆ ಸಿಗುವುದಿಲ್ಲ. ಹೆಚ್ಚಿನ ಕಡೆ ಅವರಿಗೆ ಉತ್ತರವೇ ಹೋಗುವುದಿಲ್ಲ. ಕನಿಷ್ಠ ಸಂದರ್ಶನಕ್ಕೆ ಬಂದವರಿಗಾದರೂ ಮೂರು ಸಾಲು ಬರೆಯಿರಿ, ಕೆಲಸಕ್ಕೆ ಬರುವಂಥದ್ದು. "ಪೈಪೋಟಿ ಜೋರಾಗಿತ್ತು" ಎಂಬುದು ಯಾರಿಗೂ ಉಪಯೋಗವಿಲ್ಲ. "ನಿಮ್ಮ ಯೋಜನೆಯಲ್ಲಿ ಜೂನ್, ಜುಲೈಗೆ ಬೋಟ್ ಎಲ್ಲಿಂದ ಎಂಬುದು ಇರಲಿಲ್ಲ. ಮೂರು ಜಾಗಕ್ಕೆ ಇಳಿಸಿ, ಮುಂದಿನ ಸಲ ಹಾಕಿ" ಎಂದು ಬರೆಯಿರಿ. ಬೇರೆ ಬಾಗಿಲೂ ತೋರಿಸಿ. ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆಯ ಅಂತರರಾಷ್ಟ್ರೀಯ ತರಬೇತಿ ಕೇಂದ್ರ ಸಾಗರ ವಿಜ್ಞಾನದ ಚಿಕ್ಕ ಚಿಕ್ಕ ಕೋರ್ಸ್ ನಡೆಸುತ್ತದೆ. ನಮ್ಮವರಿಗೆ ಅಲ್ಲಿಗೆ ಹೋಗಲು ವೀಸಾ ಬೇಡ, ರಾತ್ರಿ ಬಸ್ಸು ಸಾಕು.

ಹೋಗಿ ಬಂದವರನ್ನೂ ಕೈಬಿಡಬೇಡಿ. ಫೆಲೋಶಿಪ್ ಮುಗಿದ ವಾರಕ್ಕೆ ಬರುವ ವರದಿಯಲ್ಲಿ ಎಲ್ಲರೂ ಧನ್ಯವಾದ ಹೇಳಿ, ಹಡಗಿನ ಮೇಲೆ ನಿಂತ ಫೋಟೊ ಹಾಕಿರುತ್ತಾರೆ. ಅದನ್ನು ಫೈಲಿಗೆ ಹಾಕಿ. ಒಂದು ವರ್ಷ ಕಳೆದ ಮೇಲೆ, ಮಳೆಗಾಲ ಮುಗಿದ ಹೊತ್ತಿಗೆ, ಒಂದೇ ಸಾಲಿನ ಇಮೇಲ್ ಹಾಕಿ: "ಕಳೆದ ತಿಂಗಳ ಅಂಕಿಯ ಫೈಲ್ ಕಳಿಸುತ್ತೀರಾ? ಖಾಲಿ ಇರುವ ಜಾಗಗಳ ಸಮೇತ."